ಬಿಡಿಸಿರುತ್ತೇನೆ

ತಲೆ ನರೆಯುವವರೆಗೆ ಮಕ್ಕಳಿಗೆ ಕನ್ನಡ ಕಲಿಸಿದ್ದೇನೆ. ಭೂತ, ವರ್ತಮಾನ, ಭವಿಷ್ಯತ್ ಎಂದು ಬೋರ್ಡಿನ ಮೇಲೆ ಬರೆದು ಬರೆದು ಸೀಮೆಸುಣ್ಣ ಸವೆಸಿದ್ದೇನೆ. ಆದರೆ ಠಾಣೆಗಳಲ್ಲಿ, ಕೋರ್ಟುಗಳಲ್ಲಿ ನಾಲ್ಕನೆಯ ಕಾಲವೊಂದು ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೋಗಿರುತ್ತೇನೆ, ನೋಡಿರುತ್ತೇನೆ, ಬಿಡಿಸಿರುತ್ತೇನೆ. ಮನೆಯಲ್ಲಿ ಬಾಗಿಲು ಹಾಕಿದೆಯಾ ಎಂದು ಕೇಳಿದಾಗ ಯಾರಾದರೂ 'ಹಾಕಿರ್ತೀನಿ' ಅಂದರೆ, ಹಾಕಿದ್ದು ನೆನಪಿಲ್ಲ, ಹಾಕಿದ್ದರೂ ಇರಬಹುದು ಎಂದು ಅರ್ಥ. ಎದ್ದು ಹೋಗಿ ನೋಡಿ ಬರುತ್ತೇವೆ. ಸರ್ಕಾರಿ ಕಾಗದದಲ್ಲಿ ಮಾತ್ರ ಅದೇ ಮಾತು ಕಲ್ಲಿನ ಮೇಲೆ ಕೊರೆದ ಸತ್ಯ. ಆ ಒಂದು ಕ್ರಿಯಾಪದದ ಸಲುವಾಗಿ ನಾನು ವರ್ಷಗಟ್ಟಲೆ ಬಸ್ಸು ಹತ್ತಿ ಇಳಿದೆ. ಈಗಲೂ ನೆನೆದರೆ ತಲೆ ಚಿಟ್ಟು ಹಿಡಿಯುತ್ತದೆ.

ಆಗ ನಾನು ಮಾನ್ವಿಯಲ್ಲಿ ಬಾಡಿಗೆಗಿದ್ದೆ. ನನ್ನ ಮನೆಗೂ ಪಕ್ಕದ ಮನೆಗೂ ಒಂದೇ ಅಂಗಳ, ಒಂದೇ ನಳ. ಪಕ್ಕದ ಮನೆಯಲ್ಲಿ ಮದುವೆಯಾಗಿ ಬಹಳ ದಿನವಾಗಿರದ ಗಂಡ ಹೆಂಡತಿ. ಅವನು ದೇವದುರ್ಗದವನು, ಸರಕು ಸಾಗಿಸುವ ಸಣ್ಣ ಗಾಡಿ ಓಡಿಸುತ್ತಿದ್ದ. ಅವಳು ಹೊಳೆದಂಡೆಯ ಚೀಕಲಪರ್ವಿಯವಳು, ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ನನ್ನ ಜಂಪರುಗಳೆಲ್ಲ ಅವಳು ಹೊಲಿದವೇ. ಅವನು ಕುಡಿಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಸಂಗತಿ ತೆಗೆದರೆ ಸಾಕು, ಎಲ್ಲರೂ ಕೇಳುವುದು ಅದನ್ನೇ. ಕುಡಿದಿದ್ದ ಎಂದರೆ ಕೇಳಿದವರಿಗೆ ಎಂಥದೋ ಸಮಾಧಾನ.

ಒಂದು ದಿನ ಬೆಳಗ್ಗೆ ನಳಕ್ಕೆ ನೀರು ಬಂದಿತ್ತು. ನಮ್ಮ ಓಣಿಯಲ್ಲಿ ನೀರು ಬಂದಾಗ ಜಗತ್ತು ಮುಳುಗಿದರೂ ಕೊಡ ಬಿಟ್ಟು ಏಳುವವರಿಲ್ಲ. ನಾನು ಪೈಪು ಹಿಡಿದು ಕೂತಿದ್ದೆ. ಅವನು ಅವಳನ್ನು ಕೂದಲು ಹಿಡಿದು ಒಳಗಿನಿಂದ ಅಂಗಳಕ್ಕೆ ಎಳೆದು ತಂದ. ಸಿಮೆಂಟಿನ ತೊಟ್ಟಿಯ ಅಂಚಿಗೆ ಅವಳ ಬಲಗೈ ಒತ್ತಿ ಹಿಡಿದು ತಿರುವಿದ. ಕಾರಣ ಏನೆಂದು ಕೇಳಬೇಡಿ. ಕಾರಣ ಕೇಳುವವರನ್ನು ಕಂಡರೆ ನನಗೆ ಅವನ ಮೇಲೆ ಬರುವುದಕ್ಕಿಂತ ಹೆಚ್ಚು ಸಿಟ್ಟು ಬರುತ್ತದೆ.

"ಲೇ, ಬಿಡೋ ಆಕಿನ್ನ!" ಎಂದು ನಾನು ಚೀರಿದೆ.

ಅವನು ಬಿಟ್ಟ. ಎದ್ದು ನನ್ನ ಕಡೆ ಬಂದ. ನನ್ನ ಕೊಡ ತುಂಬಿ ಹರಿಯುತ್ತಿತ್ತು. ಪೈಪು ತೆಗೆದು ಪಕ್ಕದ ಖಾಲಿ ಕೊಡಕ್ಕೆ ಹಾಕಿ, "ನೀರು ಸುಮ್ಮನ ಹೊಂಟಾವ ನೋಡ್ರಿ ಟೀಚರ್ರೀ. ನೀವು ಹಿಡ್ಕೋರಿ," ಅಂದ. ದನಿಯಲ್ಲಿ ಸಿಟ್ಟಿಲ್ಲ, ಏದುಸಿರಿಲ್ಲ. ಪೈಪು ಜಾರದಂತೆ ಕೊಡದ ಬಾಯಿಗೆ ಸರಿಯಾಗಿ ಸಿಕ್ಕಿಸಿದ. ಆಮೇಲೆ ತಿರುಗಿ ಹೋಗಿ ಅದೇ ಕೈಯನ್ನು ಮತ್ತೆ ಅದೇ ಅಂಚಿಗೆ ಒತ್ತಿದ. ನಾನು ಓಡಿ ಹೋಗಿ ಮುಟ್ಟುವಷ್ಟರಲ್ಲಿ ಅವನ ಕೆಲಸ ಮುಗಿದಿತ್ತು. ಚಪ್ಪಲಿ ಮೆಟ್ಟಿಕೊಂಡು ಗಾಡಿ ಒರೆಸಲು ಹೋದ. ಅವಳು ತೊಟ್ಟಿಯ ಬುಡದಲ್ಲಿ ಕೂತಿದ್ದಳು, ಅಳುತ್ತಲೂ ಇರಲಿಲ್ಲ.

ಗಾಡಿ ಒರೆಸಿಯಾದ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದವನೂ ಅವನೇ. ಡಾಕ್ಟರು ಏನಾಯಿತೆಂದು ಕೇಳಿದಾಗ ಅವಳ ಭುಜದ ಮೇಲೆ ಕೈಯಿಟ್ಟು ನಿಂತು, ನಳದ ಹತ್ತಿರ ಜಾರಿ ಬಿದ್ದಳು ಎಂದನಂತೆ. ಅವಳು ಹೂಂ ಅಂದಳಂತೆ. ಇನ್ನೇನು ಅಂದಾಳು? ಡಾಕ್ಟರು ಅದನ್ನೇ ಬರೆದುಕೊಂಡರು. ಕೆಲವು ದಿನ ಕಳೆದು ಅವನು ದೂರದ ಬಾಡಿಗೆಗೆ ಹೋದಾಗ ಅವಳು ಕೊರಳಿಗೆ ಕೈ ಕಟ್ಟಿಕೊಂಡು ಚೀಕಲಪರ್ವಿಯ ಬಸ್ಸು ಹತ್ತಿದಳು. ಅಣ್ಣ ನೋಡಿ ಉರಿದೆದ್ದು ಠಾಣೆಗೆ ಕರೆತಂದು ಕೇಸು ಮಾಡಿಸಿದ.

ಠಾಣೆಯಿಂದ ನನಗೂ ಕರೆ ಬಂತು. ಬರೆದುಕೊಳ್ಳುವ ಪೊಲೀಸಪ್ಪ ವಯಸ್ಸಾದವನು, ಸಮಾಧಾನಿ. ನಾನು ಕೊಡ, ಪೈಪು, ತೊಟ್ಟಿ ಒಂದನ್ನೂ ಬಿಡದೆ ಹೇಳಿದೆ. ಅವನು ತಲೆಯಾಡಿಸುತ್ತ ಕೇಳಿ ಮೂರೋ ನಾಲ್ಕೋ ಸಾಲು ಬರೆದ. ಅಷ್ಟೆಲ್ಲ ಹೇಳಿದ್ದು ಇಷ್ಟರಲ್ಲಿ ಹೇಗೆ ಹಿಡಿಯಿತು ಎಂದು ನನಗೆ ಆಶ್ಚರ್ಯ.

"ಓದಿ ಹೇಳ್ರಿ ಒಮ್ಮಿ," ಅಂದೆ.

"ನೀವು ಹೇಳಿದ್ದ ಬರ್ದೀನ್ರಿ ಮೇಡಂ. ಇದಕ್ಕ ನಿಮ್ಮ ಸಹಿನೂ ಬೇಕಾಗಂಗಿಲ್ಲ, ಹೋಗಿ ಬರ್ರಿ," ಅಂದ.

ಸಹಿ ಬೇಡವೆಂದರೆ ಎಷ್ಟು ದೊಡ್ಡ ಉಪಕಾರ ಎಂದುಕೊಂಡು ಎದ್ದು ಬಂದೆ.

ಅಣ್ಣನ ಉರಿ ಬಹಳ ದಿನ ಉಳಿಯಲಿಲ್ಲ. ಊರ ಹಿರಿಯರ ಮುಂದೆ ಕೂತು ಅವನು ತಂಗಿಗೆ ಒಂದು ಕರಾರು ಹಾಕಿದ. "ಕೇಸು ಗೆದ್ರ ಸಾಯೋತನಕ ನಮ್ಮ ಮನ್ಯಾಗ ಇರು, ಯಾರೂ ಏನೂ ಅನ್ನಂಗಿಲ್ಲ. ಕೋರ್ಟೇ ಅಂವನ್ನ ಬಿಡ್ತು ಅಂದ್ರ ಮಂದಿಗೆ ನಾ ಏನ ಹೇಳ್ಲಿ? ಗಂಡನ ಮನಿಗಿ ನಡೀಬೇಕು." ಅವಳು ಇದನ್ನು ನನಗೆ ಹೇಳಿದ್ದು ರಾಯಚೂರಿನಲ್ಲಿ. ಗಂಡ ಹೆಂಡತಿಯನ್ನು ಒಂದು ಮಾಡಿ ನೋಡೋಣವೆಂದು ಸಮಾಲೋಚನೆಗೆ ಕರೆಸಿದ್ದರು. ಜೊತೆಗೆ ಬರುವವರಿಲ್ಲವೆಂದು ನಾನು ಹೋಗಿದ್ದೆ. ಅಲ್ಲಿ ಕೂತಿದ್ದ ಹೆಣ್ಣುಮಗಳು ಕಡತ ತೆರೆಯುವ ಮೊದಲೇ ಗಾದೆ ತೆಗೆದಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ.

"ಮುಂಜಾನೆ ಮುರದದ್ರೀ ಕೈ," ಅಂದೆ ನಾನು. "ಇನ್ನೂ ಉಂಡೂ ಇದ್ದಿಲ್ಲ."

ಆಕೆಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಗಂಡ ಮಾತ್ರ ಕೈ ಕಟ್ಟಿಕೊಂಡು, ತಪ್ಪಾಗೇದ್ರಿ, ಇನ್ನ ಹಂಗ ಆಗಂಗಿಲ್ರಿ ಎಂದು ಶಾಲೆಯ ಹುಡುಗನ ಹಾಗೆ ಒಪ್ಪಿಸಿದ. ಅವಳು ನಾನು ಹೋಗುವುದಿಲ್ಲ ಎಂದಳು. ಅಷ್ಟೇ ಅಂದಳು. ಎಷ್ಟು ಸಲ ಕೇಳಿದರೂ ಅಷ್ಟೇ.

ಕೇಸು ಮಾನ್ವಿಯಲ್ಲಿ ನಡೆಯತೊಡಗಿತು. ನಡೆಯಿತು ಎನ್ನುವುದು ದೊಡ್ಡ ಮಾತು, ಕುಂಟಿತು. ಅಷ್ಟರಲ್ಲಿ ನನಗೆ ದೇವದುರ್ಗಕ್ಕೆ ವರ್ಗವಾಗಿತ್ತು. ಸಮನ್ಸ್ ಹಿಡಿದ ಪೊಲೀಸ್ ಶಾಲೆಯ ಅಂಗಳಕ್ಕೆ ಬಂದರೆ ಮಕ್ಕಳೆಲ್ಲ ಪಾಠ ಬಿಟ್ಟು ಕಿಟಕಿಗೆ ಜೋತುಬೀಳುತ್ತಿದ್ದವು. "ಊರ ಉಸಾಬರಿ ನಿಮಗ್ಯಾಕ್ರಿ ಮೇಡಂ?" ಎನ್ನುತ್ತಿದ್ದರು ಹೆಡ್ ಮಾಸ್ತರರು. ಸಿರವಾರದಲ್ಲಿ ಬಸ್ಸು ಬದಲಿಸಿ ಮಾನ್ವಿ ಮುಟ್ಟಿದರೆ ಆ ದಿನ ನ್ಯಾಯಾಧೀಶರು ರಜೆ. ಇನ್ನೊಂದು ಸಲ ವಕೀಲರು ಯಾರೋ ತೀರಿಕೊಂಡು ಕಲಾಪವಿಲ್ಲ. ಮತ್ತೊಂದು ಸಲ ಆರೋಪಿಗೆ ಜ್ವರ. ಆ ಆರೋಪಿ ಅದೇ ವಾರ ದೇವದುರ್ಗದ ಸಂತೆಯಲ್ಲಿ ಈರುಳ್ಳಿ ಮೂಟೆ ಇಳಿಸುವುದನ್ನು ನಾನು ಕಣ್ಣಾರೆ ಕಂಡಿದ್ದೆ. "ನಮಸ್ಕಾರ್ರೀ ಟೀಚರ್ರೀ, ಆರಾಮ ಇದ್ದೀರಿ?" ಎಂದು ಮೂಟೆ ಹೊತ್ತೇ ಕೇಳಿದ್ದ.

ಕಾಯುತ್ತ ಕೂತಾಗ ಬೇರೆಯವರ ಕೇಸು ಕೇಳುವುದಲ್ಲದೆ ಕೆಲಸವಿರಲಿಲ್ಲ. ಆಗ ನನಗೊಂದು ಸಂಗತಿ ಹೊಳೆಯಿತು. ಪ್ರತಿಯೊಂದು ಕೇಸಿನಲ್ಲೂ ಹೊಡೆದವನು ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹೊಡೆದು, ಜೀವದ ಬೆದರಿಕೆ ಹಾಕಿರುತ್ತಾನೆ. ಪ್ರತಿಯೊಂದರಲ್ಲೂ ಅಷ್ಟರಲ್ಲಿ ಅಲ್ಲಿಗೆ ಬಂದ ಇಂಥಿಂಥವರು ಜಗಳ ಬಿಡಿಸಿರುತ್ತಾರೆ. ಪೋತ್ನಾಳದ ಕೇಸಿನಲ್ಲೂ ಬಿಡಿಸಿರುತ್ತಾರೆ, ಮಾನ್ವಿ ಪೇಟೆಯ ಕೇಸಿನಲ್ಲೂ ಬಿಡಿಸಿರುತ್ತಾರೆ. ಪಕ್ಕದಲ್ಲಿ ಕೂತಿದ್ದ ಮುದುಕಿಗೆ ಹೇಳಿದೆ, ಇಷ್ಟೊಂದು ಬಿಡಿಸುವ ಪುಣ್ಯವಂತರು ಇರುವ ಸೀಮೆಯಲ್ಲಿ ಹೆಂಗಸರಿಗೆ ಇಷ್ಟು ಪೆಟ್ಟು ಹೇಗೆ ಬೀಳುತ್ತವೆ ಎಂದು. ಅವಳು ಮಗಳ ಕೇಸಿಗೆ ಬಂದವಳು. "ಬಿಡಸಾಕ ಯಾರ ಬರ್ತಾರ ಯವ್ವಾ? ನೋಡಾಕ ಬರ್ತಾರ," ಅಂದಳು.

ಕೊನೆಗೂ ನನ್ನ ಸಾಕ್ಷಿಯ ದಿನ ಬಂತು. ಸರ್ಕಾರಿ ವಕೀಲರು ವರಾಂಡದಲ್ಲಿ ಗಡಿಬಿಡಿಯಲ್ಲಿ ನನ್ನನ್ನು ಹಿಡಿದು, ಠಾಣೆಯಲ್ಲಿ ಬರೆದ ನನ್ನ ಹೇಳಿಕೆ ಮುಂದೆ ಹಿಡಿದರು. ಅವತ್ತೇ ನಾನು ಅದನ್ನು ಮೊದಲ ಸಲ ಓದಿದ್ದು. ಗಂಡ ಹೆಂಡತಿ ಜಗಳವಾಡುತ್ತಿದ್ದಾಗ ನಾನು ಅಲ್ಲಿಗೆ ಹೋಗಿ ಜಗಳ ಬಿಡಿಸಿರುತ್ತೇನೆ. ಪೈಪು ಇಲ್ಲ, ಕೊಡ ಇಲ್ಲ, ಎರಡನೆಯ ಸಲ ಅವಳ ಕೈ ಹಿಡಿದದ್ದಂತೂ ಇಲ್ಲವೇ ಇಲ್ಲ.

"ನಾ ಬಿಡಿಸಿಲ್ರೀ," ಅಂದೆ.

"ಬಿಡಿಸಿದೆ ಅಂದ್ರ ನೀವು ಅಲ್ಲಿ ಇದ್ರಿ ಅಂತ ಅರ್ಥ ಅಷ್ಟ ಮೇಡಂ. ಬರದಂಗ ಹೇಳಿ ಇಳೀರಿ. ಆಕಿ ಅಣ್ಣ, ಅವ್ವ ಹೇಳಿದ್ರ ಮನಿ ಮಂದಿ ಅಂತಾರ. ಹೊರಗಿನವರು ನೀವೊಬ್ರ."

"ಅಲ್ಲಿ ಇದ್ದೆ ಅಂತ ಅರ್ಥ ಆದ್ರ, ಇದ್ದೆ ಅಂತನ ಬರೀಬೇಕಿತ್ತಲ್ರೀ."

ಅವರು ನನ್ನನ್ನು ನೋಡಿದ ರೀತಿ, ಕಾಗುಣಿತ ತಿದ್ದುವ ಹೊತ್ತೇ ಇದು ಎನ್ನುವ ಹಾಗಿತ್ತು. ಕೆಟ್ಟವರಲ್ಲ ಅವರು. ಕಂಕುಳಲ್ಲಿ ಇನ್ನೂ ಒಂದು ಹೊರೆ ಕೇಸಿತ್ತು. ಆದರೆ ನಮ್ಮ ಮನೆಯಲ್ಲಿ ದಿನಾ ಬುದ್ಧನ ಫೋಟೋದ ಮುಂದೆ ಹೇಳಿಕೊಳ್ಳುವ ಐದು ಮಾತುಗಳಲ್ಲಿ ಸುಳ್ಳಾಡುವುದಿಲ್ಲ ಎನ್ನುವುದೂ ಒಂದು. ಅದಕ್ಕಿಂತ ಹೆಚ್ಚಾಗಿ, ನಿಜವೇ ಈ ಸುಳ್ಳಿಗಿಂತ ಭಯಂಕರವಾಗಿರುವಾಗ ನಾನೇಕೆ ಸುಳ್ಳು ಹೇಳಲಿ? ನಿಲ್ಲಿಸಬೇಕೆಂದಾಗ ನಿಲ್ಲಿಸಿ, ಬೇಕೆಂದಾಗ ಶುರು ಮಾಡಿದ ಮನುಷ್ಯ ಅವನು. ಅದನ್ನು ಕೇಳಿದರೆ ಯಾರಿಗಾದರೂ ಅರ್ಥವಾಗುತ್ತದೆ ಎಂದು ನಂಬಿದ್ದೆ.

ಕಟಕಟೆಯಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಆಮೇಲೆ ಅವನ ಕಡೆಯ ವಕೀಲರು ಎದ್ದರು. ಬಹಳ ಮರ್ಯಾದೆಯ ಮನುಷ್ಯ.

"ಪೊಲೀಸರ ಮುಂದ ಬಿಡಿಸಿದೆ ಅಂದೀರಿ. ಇವತ್ತು ಬಿಡಿಸಿಲ್ಲ ಅಂತೀರಿ. ಯಾವುದು ಖರೇರಿ ಟೀಚರ್ರೀ?"

"ಅದು ಜಗಳನ ಅಲ್ರೀ. ಜಗಳ ಆಡಾಕ ಇಬ್ರು ಬೇಕು."

"ಬಿಡಿಸಿದ್ರೋ ಇಲ್ಲೋ, ಅಷ್ಟ ಹೇಳ್ರಿ."

"ಇಲ್ಲ."

ನ್ಯಾಯಾಧೀಶೆ ಚಿಕ್ಕ ವಯಸ್ಸಿನಾಕೆ, ನನ್ನ ವಿದ್ಯಾರ್ಥಿನಿಯಾಗಿರಬಹುದಾದವರು. ಸಾವಧಾನವಾಗಿ ಕೇಳಿಕೊಂಡರು, ಪೈಪಿನ ಮಾತನ್ನು ಇನ್ನೊಮ್ಮೆ ಹೇಳಿಸಿದರು. ಆಮೇಲೆ ಬೆರಳಚ್ಚಿನವನಿಗೆ ಚುಟುಕಾಗಿ ಹೇಳಿ ಬರೆಸಿದರು. ಕೊನೆಗೆ ಅವನು ಓದಿ ಹೇಳಿದಾಗ ನನ್ನ ಕಿವಿಯನ್ನೇ ನಾನು ನಂಬಲಿಲ್ಲ. ಆರೋಪಿಯು ನನಗೆ ನೀರು ಹಿಡಿಯಲು ಸಹಾಯ ಮಾಡಿರುತ್ತಾನೆ.

"ಹಿಂಗ ನಾ ಹೇಳಿಲ್ರೀ!" ಎಂದು ಕೂಗಿದೆ.

"ಪೈಪು ತಗೊಂಡು ಕೊಡಕ್ಕ ಹಾಕಿದ್ನೋ ಇಲ್ಲೋ?" ವಕೀಲರು ಕೇಳಿದರು.

"ಹಾಕಿದ."

"ಮತ್ತ ಅದಕ್ಕ ಕನ್ನಡದಾಗ ಏನಂತಾರ್ರೀ?"

ಇಷ್ಟು ವರ್ಷ ಕನ್ನಡ ಕಲಿಸಿದವಳಿಗೆ ಒಂದು ಶಬ್ದ ಹೊಳೆಯಲಿಲ್ಲ. ಹೊಳೆದದ್ದೆಲ್ಲ ಅವಾಚ್ಯ ಶಬ್ದಗಳೇ.

ಹೊರಗೆ ಬಂದ ಮೇಲೆ ಇನ್ನೊಂದು ತಿಳಿಯಿತು. ಹಿಂದಿನ ತಾರೀಖಿಗೆ ಸಾಕ್ಷಿ ನುಡಿದಿದ್ದ ಅವಳು, ಬರೆದ ಹಾಗೇ ಹೇಳು ಎಂದವರ ಮಾತು ಕೇಳಿ, ಟೀಚರು ಬಂದು ಬಿಡಿಸಿದರು ಎಂದೇ ಹೇಳಿದ್ದಳು. ಒಬ್ಬ ಸಾಕ್ಷಿ ಹೇಳುವಾಗ ಇನ್ನೊಬ್ಬರು ಒಳಗಿರುವಂತಿಲ್ಲ, ಹಾಗಾಗಿ ನನಗೆ ಗೊತ್ತೇ ಇರಲಿಲ್ಲ. ಈಗ ಅವಳ ಮಾತಿಗೂ ನನ್ನ ಮಾತಿಗೂ ತಾಳೆ ಇಲ್ಲ. ಸುಳ್ಳು ಯಾರದ್ದು? ಕೈ ಮುರಿಸಿಕೊಂಡವಳದ್ದು.

ಅಷ್ಟರಲ್ಲಿ ಅವನು ನೆರಳಿನಿಂದ ಎದ್ದು ಬಂದ. "ಖರೇ ಹೇಳಿದ್ರಿ ಟೀಚರ್ರೀ. ನಿಮ್ಮಂಥೋರು ಇರೋದಕ್ಕ ಮಳಿ ಬೆಳಿ ಆಗಾಕತ್ತದ," ಎಂದು ಕಾಲು ಮುಟ್ಟಲು ಬಗ್ಗಿದ. ನಾನು ಹಿಂದೆ ಸರಿದೆ. ಸತ್ಯ ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಅವತ್ತೂ ಇರಲಿಲ್ಲ. ಆದರೆ ಹೇಳಿದ ಸತ್ಯಕ್ಕೆ ಅವನಿಂದ ನಮಸ್ಕಾರ ಬಂದರೆ ಮೈಯೆಲ್ಲ ಮೆಣಸಿನಪುಡಿ ಚೆಲ್ಲಿದಂತಾಗುತ್ತದೆ.

ತೀರ್ಪಿನ ದಿನ ರಜೆ ಹಾಕಿ ಹೋಗಿದ್ದೆ. ದೂರು ತಡವಾಗಿ ಕೊಟ್ಟದ್ದು, ಆಸ್ಪತ್ರೆಯಲ್ಲಿ ಜಾರಿ ಬಿದ್ದೆ ಎಂದದ್ದು, ಜಗಳ ಬಿಡಿಸಿದ ಬಗ್ಗೆ ಇಬ್ಬರ ಮಾತು ಬೇರೆಯಾದದ್ದು, ಹೊರಗಿನ ಸಾಕ್ಷಿಯೇ ಆರೋಪಿ ತನಗೆ ನೀರು ಹಿಡಿಯಲು ಸಹಾಯ ಮಾಡಿದನೆಂದು ಒಪ್ಪಿದ್ದು. ಅನುಮಾನದ ಲಾಭ ಕೊಟ್ಟು ಅವನನ್ನು ಬಿಟ್ಟರು. ರಾಯಚೂರಿಗೆ ಅಪೀಲು ಹೋಗಬಹುದು ನೋಡಿ ಎಂದರು ಸರ್ಕಾರಿ ವಕೀಲರು, ಮುಂದಿನ ಕೇಸಿನ ಹಾಳೆ ತಿರುವುತ್ತ. ಒಳಗಿದ್ದವರೆಲ್ಲ ತಮ್ಮ ತಮ್ಮ ಕಾಗದದ ಪ್ರಕಾರ ಸರಿಯಾಗಿಯೇ ಇದ್ದರು. ಯಾರ ಕೊರಳಪಟ್ಟಿ ಹಿಡಿಯಬೇಕೆಂದು ನನಗೆ ತಿಳಿಯಲಿಲ್ಲ. ಆ ಪೊಲೀಸಪ್ಪನಂತೂ ನಿವೃತ್ತನಾಗಿ ಹೋಗಿದ್ದ.

ಗೇಟಿನ ಹೊರಗೆ ಅಣ್ಣ ಅವಳ ಬಟ್ಟೆಯ ಚೀಲ ಹಿಡಿದು ನಿಂತಿದ್ದ. ಬೆಳಗ್ಗೆಯೇ ಕಟ್ಟಿಕೊಂಡು ತಂದಿದ್ದ. ರಸ್ತೆಯಾಚೆ ಅವನು ಗಾಡಿಯ ಬಾಗಿಲು ತೆರೆದು ಕಾಯುತ್ತಿದ್ದ.

"ನಡಿಯವ್ವ," ಎಂದ ಅಣ್ಣ, ನೆಲ ನೋಡುತ್ತ. "ಕೋರ್ಟ ಅಂವನ್ನ ಬಿಟ್ಟದ. ಇನ್ನೇನದ?"

"ಕೋರ್ಟು ಬಿಟ್ಟದ. ನಾನೂ ಬಿಟ್ಟೀನಿ," ಅಂದಳು ಅವಳು.

"ಹಂಗಂದ್ರ ಹ್ಯಾಂಗ? ಅಂವಂದು ತಪ್ಪಿಲ್ಲ ಅಂತ ದೊಡ್ಡೋರು ಬರದಾರ. ಮಂದಿಗೆ ಏನ ಹೇಳ್ಲಿ ನಾ? ಟೀಚರ್ರೀ, ನೀವರ ಹೇಳ್ರಿ."

ನಾನು ಬಾಯಿ ತೆರೆಯುವ ಮೊದಲೇ ಅವಳು ಅಣ್ಣನ ಮುಂದೆ ಬಂದು ನಿಂತಳು. ದನಿ ಏರಿಸಲಿಲ್ಲ.

"ತಪ್ಪಿಲ್ಲ ಅಂದ್ರ ಛಲೋ ಮನಿಶ್ಯಾ ಅಂತಾತು. ಯಣ್ಣಾ, ನಿನ್ನ ಮಗಳಿಗಿ ಗಂಡು ಹುಡಕಾಕತ್ತೀಯಲ್ಲ. ಅಂವಂಗ ಕೊಡ್ತೀಯೇನು?"

ಅಣ್ಣ ಅವಳ ಮುಖ ನೋಡಿದ. ರಸ್ತೆಯಾಚೆಯ ಗಾಡಿ ನೋಡಿದ. ಚೀಲವನ್ನು ಕೆಳಗಿಟ್ಟ. ಅವಳು ಬಗ್ಗಿ ಅದನ್ನು ಎಡಗೈಯಲ್ಲಿ ಎತ್ತಿಕೊಂಡು, ಗಾಡಿಗೆ ಬೆನ್ನು ಮಾಡಿ ನಡೆದಳು.