ಕೋಡ ಅಂದವರು ಯಾರು

ಯಾವ ಮಾತನ್ನೂ ನಾನು ಸುಲಭಕ್ಕೆ ನಂಬುವವಳಲ್ಲ. ಯಾರಾದರೂ ಕೇಳದ ಶಬ್ದವೊಂದನ್ನು ಆಡಿದರೆ ಸಾಕು, ಇದು ಯಾವ ಊರಿನದು, ಯಾರ ಮನೆಯಿಂದ ಬಂತು, ಇಲ್ಲಿ ಇದಕ್ಕೇನು ಕೆಲಸ ಎಂದು ಮನಸ್ಸಿನಲ್ಲೇ ವಿಚಾರಣೆ ಶುರುವಾಗುತ್ತದೆ. ಓದಿನಿಂದ ಬಂದ ಗುಣವಲ್ಲ ಇದು, ಮನೆಯಲ್ಲಿ ಹತ್ತಿದ ರೋಗ. ಕೆಲಸವೂ ರೋಗಕ್ಕೆ ತಕ್ಕಂತೆಯೇ ಸಿಕ್ಕಿತು. ಎಂಬತ್ತರ ದಶಕದಲ್ಲಿ ಜೇವರ್ಗಿಯ ದವಾಖಾನೆಯೊಂದರ ಕಿಟಕಿಯಲ್ಲಿ ಕೂತು ಚೀಟಿ ಬರೆಯುವ ಕೆಲಸ. ಬಂದವರ ಹೆಸರು, ಊರು, ವಯಸ್ಸು, ಆಮೇಲೆ ಏನು ತ್ರಾಸು ಎಂಬುದು.

ಡಾಕ್ಟರು ಮೈಸೂರು ಕಡೆಯವರು. ಒಳ್ಳೆಯ ಮನುಷ್ಯ, ಆದರೆ ನಮ್ಮ ಕನ್ನಡ ಅವರಿಗೆ ಅರ್ಧಂಬರ್ಧ ತಿಳಿಯುತ್ತಿತ್ತು. ಬಂದ ಮೊದಲ ವಾರವೇ ಹೊಟ್ಟೆ ನುಲಿಯುತ್ತಿದ್ದ ಹೆಣ್ಣುಮಗಳೊಬ್ಬಳು, "ಹೊಟ್ಟಿ ಕಡ್ಯಾಕತ್ತದ್ರೀ" ಎಂದಳು. ಡಾಕ್ಟರು ಗಾಬರಿಯಾಗಿ, "ಏನಮ್ಮ ಕಡಿಯಿತು? ಹಾವೋ, ಚೇಳೋ?" ಎಂದು ಎದ್ದೇ ನಿಂತರು. ಆಕೆ ನನ್ನ ಕಡೆ ಬಾಗಿ, "ಇವರು ಖರೇನ ಡಾಕ್ಟರ್ ಏನ್ರಿ ಬಾಯಿ?" ಎಂದು ಪಿಸುಗುಟ್ಟಿದಳು. ಅವತ್ತಿನಿಂದ ನಾನು ಚೀಟಿಯಲ್ಲಿ ಎರಡು ಸಾಲು ಬರೆಯತೊಡಗಿದೆ. ಮೇಲೆ ರೋಗಿ ಆಡಿದ ಮಾತು, ಕೆಳಗೆ ಅದರ ಅರ್ಥ.

ಹಾಗೆ ಬರೆಯುತ್ತ ಬರೆಯುತ್ತ ಒಂದು ನೋಟ್‌ಬುಕ್ಕೂ ಹುಟ್ಟಿಕೊಂಡಿತು. ದವಾಖಾನೆ ಎಂಬ ನಮ್ಮ ಮನೆಮಾತು ನಮ್ಮದಲ್ಲವೇ ಅಲ್ಲ, ದವಾ ಅರಬ್ಬಿಯದು, ಖಾನಾ ಪಾರಸಿಯದು. ಬ್ಯಾನಿ ಅಂದರೆ ಬೇನೆ, ಬೇನೆ ಅಂದರೆ ಸಂಸ್ಕೃತದ ವೇದನೆಯೇ, ಬಾಯಿಂದ ಬಾಯಿಗೆ ಸವೆದು ಸಣ್ಣದಾಗಿದೆ. ಹುಳಕಡ್ಡಿಗೆ ಕೆಲವರು ಗಜಕರ್ಣ ಎನ್ನುತ್ತಿದ್ದರು, ಚರ್ಮ ಆನೆಯ ಕಿವಿಯ ಹಾಗೆ ಒರಟಾಗುತ್ತದಂತೆ. ಹೆಸರಿಟ್ಟವನು ಆನೆಯ ಕಿವಿ ಮುಟ್ಟಿ ನೋಡಿದ್ದನೇ ಎಂಬ ಸಂಶಯ ನನಗೆ ಇವತ್ತಿಗೂ ಇದೆ. ಔಷಧಿ ಕೊಡುವ ಕಂಪೌಂಡರ್ ಅಂದರೆ ದವಾಖಾನೆಯ ಕಂಪೌಂಡ್ ಕಾಯುವವನು ಎಂದು ತಿಳಿದಿದ್ದ ಮುದುಕನೊಬ್ಬ, ಗೇಟಿನ ಹತ್ತಿರ ಕಟ್ಟಿದ ತನ್ನ ಆಡು ಕಾಣೆಯಾದಾಗ ಅವನ ಜೊತೆ ಜಗಳಕ್ಕೇ ನಿಂತಿದ್ದ.

ಇಷ್ಟೆಲ್ಲ ಬರೆದರೂ ಒಂದು ಶಬ್ದವನ್ನು ಮಾತ್ರ ನಾನು ಆ ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ. ಕೋಡ ಎಂಬುದು ಆ ಶಬ್ದ.

ಆಳಂದದ ನಮ್ಮ ಮನೆಯಲ್ಲಿ ಅದನ್ನು ಆಡುತ್ತಿದ್ದವಳು ಕಾಕಿ ಒಬ್ಬಳೇ. ಅಪ್ಪನ ತಮ್ಮನ ಹೆಂಡತಿ, ಅಕ್ಕಲಕೋಟ ಕಡೆಯವಳು. ಆಕೆಯ ಕನ್ನಡದ ಅಂಚಿನಲ್ಲಿ ಯಾವಾಗಲೂ ಸ್ವಲ್ಪ ಮರಾಠಿ ಇಣುಕುತ್ತಿತ್ತು. ಎರಡು ಸಂಸಾರ, ಎರಡು ಅಡುಗೆಮನೆ, ನಡುವೆ ಒಂದು ಬಾಗಿಲು. ಆ ಬಾಗಿಲು ಹಾಕಿದ್ದನ್ನು ನಾನು ಚಿಕ್ಕಂದಿನಲ್ಲಿ ಕಂಡಿರಲಿಲ್ಲ. ನಮ್ಮಕ್ಕನ ಎಡಗೈ ಮೇಲೆ ಹುಣಸೆಬೀಜದಷ್ಟು ಬಿಳಿ ಕಲೆ ಎದ್ದಾಗ ಅವ್ವ ಹಣೆ ಚಚ್ಚಿಕೊಂಡು ಅತ್ತಳು. ಕಾಕಿ ಮಾತ್ರ ಅಕ್ಕನ ಕೈ ಹಿಡಿದು ತಿರುಗಿಸಿ ನೋಡಿ, "ಕೋಡ ಅದ, ಏನೂ ಆಗಂಗಿಲ್ಲ ಬಿಡ್ರಿ" ಎಂದಳು. ಅಕ್ಕನಿಗೆ ದನದ ಹಾಗೆ ಕೋಡು ಮೂಡುತ್ತದೆ ಎಂದು ನಾನು ಎರಡು ದಿನ ಅವಳ ನೆತ್ತಿಯನ್ನೇ ನೋಡುತ್ತಿದ್ದೆ. ನಮ್ಮ ಕನ್ನಡದಲ್ಲಿ ಅದಕ್ಕೆ ತೊನ್ನು ಎನ್ನುತ್ತಾರೆ. ಆದರೆ ಅಕ್ಕನ ಎದುರಿಗೆ ಆ ಮಾತನ್ನು ಯಾರೂ ಆಡುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅಕ್ಕನಿಗೆ ಅಫಜಲಪುರದ ಒಂದು ಮನೆತನದಿಂದ ಸಂಬಂಧ ಬಂತು. ಗಂಡಿನ ಕಡೆಯವರು ಬಂದು ಹೋದರು, ಸೆರಗಿನಡಿಯ ಎಡಗೈ ಅವರ ಕಣ್ಣಿಗೆ ಬೀಳಲಿಲ್ಲ, ಒಪ್ಪಿದರು, ಅಕ್ಕ ಹದಿನೈದು ದಿನ ಹಾಡು ಗುನುಗುತ್ತ ಓಡಾಡಿದಳು. ಆಮೇಲೆ ಸಂಬಂಧ ತಂದ ಮಧ್ಯಸ್ಥ ಬಂದು ಪಡಸಾಲೆಯಲ್ಲಿ ಕೂಡದೆ ನಿಂತೇ ಹೇಳಿದ, "ಹುಡುಗಿಗೆ ಕೋಡ ಅದ ಅಂತ ಅವರಿಗೆ ತಿಳದದ. ಬ್ಯಾಡ ಅಂತಾರ."

ಅವನ ಬಾಯಿಂದ ಆ ಶಬ್ದ ಬಂದದ್ದೇ ತಡ, ಅವ್ವ ಅಡುಗೆಮನೆಯ ನಡುಬಾಗಿಲ ಕಡೆ ತಿರುಗಿದಳು. ಆ ಮಾತು ಈ ಮನೆಯಲ್ಲಿ ಯಾರದು? ಒಬ್ಬಳದೇ. ಹೆಣ್ಣುಮಕ್ಕಳಿಲ್ಲವೆಂಬ ಹೊಟ್ಟೆಕಿಚ್ಚು ಯಾರಿಗೆ? ಆಕೆಗೇ. ಅವ್ವನ ತನಿಖೆ ಅಷ್ಟಕ್ಕೇ ಮುಗಿದಿತ್ತು. ಬೇಕಾದದ್ದು ಒಂದು ಸಾಕ್ಷಿ. ಆ ಸಾಕ್ಷಿ ನಾನು. ಆಗ ನನಗೆ ಹದಿಮೂರು ವರ್ಷ.

ವಾರದ ಹಿಂದೆ ಕಾಕಿಯ ಜೊತೆ ನಾನು ಜೋಳ ಬೀಸಿಸಲು ಗಿರಣಿಗೆ ಹೋಗಿದ್ದೆ. ಅಲ್ಲಿ ಅಫಜಲಪುರದ ಹೆಂಗಸೊಬ್ಬಳು ಸಿಕ್ಕಿದ್ದಳು, ಕಾಕಿ ಅವಳ ಜೊತೆ ಬಹಳ ಹೊತ್ತು ನಗುನಗುತ್ತ ಮಾತಾಡಿದ್ದಳು. ಗಿರಣಿಯ ಸದ್ದಿನಲ್ಲಿ ನನಗೆ ಏನು ಕೇಳಿಸಿತು, ಏನು ಕೇಳಿಸಲಿಲ್ಲ ಎಂದು ಹೇಳುವುದು ಕಷ್ಟ. ಅವ್ವ ನನ್ನ ಎರಡೂ ಭುಜ ಹಿಡಿದು, "ಖರೇ ಹೇಳು. ಕೋಡ ಅಂದ್ಲೋ ಇಲ್ಲೋ?" ಎಂದಳು. "ಅಂದ್ಲು. ನಾ ಕೇಳೀನಿ" ಎಂದೆ ನಾನು. ಅವ್ವನ ಕಣ್ಣಿಗೆ ನಾನು ಅಷ್ಟು ದೊಡ್ಡವಳಾಗಿ ಕಂಡದ್ದು ಅದೇ ಮೊದಲು. ಆ ಖುಷಿಯನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಅವ್ವ ನಡುಬಾಗಿಲಿಗೆ ಚಿಲಕ ಹಾಕಿದಳು. ಅಪ್ಪ ಏನೂ ಅನ್ನಲಿಲ್ಲ. ಮೂರು ವರ್ಷದ ಮೇಲೆ ಅಕ್ಕನ ಮದುವೆ ಕಡಗಂಚಿಯ ಒಕ್ಕಲುತನದ ಮನೆಗೆ ಆಯಿತು. ಕೈ ನೋಡಿಯೇ ಒಪ್ಪಿದ ಗಂಡು ಅವನು. ಅರಿಷಿಣ ಹಚ್ಚುವ ದಿನ ಕಾಕಿಯನ್ನು ಯಾರೂ ಕರೆಯಲಿಲ್ಲ. ಗೋಡೆಯ ಆಚೆ ಆಕೆ ರೊಟ್ಟಿ ಬಡಿಯುವ ಸದ್ದು ನಮ್ಮ ಹಾಡಿನ ನಡುವೆ ಕೇಳುತ್ತಲೇ ಇತ್ತು.

ಆ ಮನೆಯಲ್ಲಿ ಬೆಳೆದವಳಿಗೆ ಸಂಶಯ ಬರದೆ ಇನ್ನೇನು ಬರುತ್ತದೆ? ಕಾಕಿ ಬಾವಿಗೆ ಹೋದರೆ ಯಾಕೆ ಹೋದಳು, ನಕ್ಕರೆ ಯಾರನ್ನು ನೋಡಿ ನಕ್ಕಳು, ತವರಿಗೆ ಹೋದರೆ ಅಲ್ಲಿ ಏನು ಹೇಳಿ ಬರುತ್ತಾಳೆ. ಮುಂದೆ ನೋಟ್‌ಬುಕ್ಕಿಗಾಗಿ ಸಂಶಯಕ್ಕಿರುವ ಬೇರೆ ಮಾತುಗಳ ಬೆನ್ನು ಹತ್ತಿದಾಗ ನನಗೆ ನಗು ಬಂತು. ಅನುಮಾನ ಅಂದರೆ ಸಂಸ್ಕೃತದ ಪಂಡಿತರಿಗೆ ಹೊಗೆ ನೋಡಿ ಬೆಂಕಿ ತಿಳಿಯುವ ದಾರಿ, ನಮಗೆ ಬರೀ ಸಂಶಯ. ಗುಮಾನಿಯ ಮೂಲ ಪಾರಸಿಯ ಗುಮಾನ್, ಅಲ್ಲಿ ಅದಕ್ಕೆ ಎಣಿಕೆ, ಊಹೆ ಎಂಬಷ್ಟೇ ಅರ್ಥವೂ ಉಂಟು. ಅಲ್ಲಿ ಸಜ್ಜನರಾಗಿದ್ದ ಶಬ್ದಗಳು ನಮ್ಮಲ್ಲಿಗೆ ಬಂದು ಕೆಟ್ಟುಹೋದವೋ, ನಾವೇ ಅವನ್ನು ಕೆಡಿಸಿದೆವೋ ತಿಳಿಯದು.

ತೊಂಬತ್ತರ ದಶಕ ಶುರುವಾಗುವಾಗ ನನಗೆ ಅಫಜಲಪುರಕ್ಕೆ ವರ್ಗವಾಯಿತು. ಅಲ್ಲಿ ಮರಾಠಿಯವರೂ ಬರುತ್ತಿದ್ದರು, ಉರ್ದುವಿನವರೂ ಬರುತ್ತಿದ್ದರು. ಒಂದು ದಿನ ಗಡಿ ಕಡೆಯ ಹಳ್ಳಿಯ ಹೆಂಗಸೊಬ್ಬಳು ತುಟಿಯ ಪಕ್ಕದ ಬಿಳಿ ಕಲೆ ತೋರಿಸಿ ಕೋಡ ಎಂದಳು. ಅವಳ ಹಿಂದೆಯೇ ನಿಂತಿದ್ದ ಉರ್ದು ಮಾತಿನ ಮುದುಕ ಮೊಣಕೈ ಮುಂದೆ ಮಾಡಿ, ಅವನೂ ಕೋಡ್ ಎಂದ. ನಾನು ಇಬ್ಬರ ಚೀಟಿಯಲ್ಲೂ ತೊನ್ನು ಎಂದು ಒಂದೇ ಬರೆದು ಒಳಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಲೇಡಿ ಡಾಕ್ಟರು ನನ್ನನ್ನು ಕರೆದರು. ಇಬ್ಬರನ್ನೂ ಕಣ್ಣು ಮುಚ್ಚಲು ಹೇಳಿ ಕಲೆಯ ಮೇಲೆ ಹತ್ತಿಯ ಎಳೆ ಆಡಿಸಿದರು. ಹೆಂಗಸು ಥಟ್ಟನೆ ಮುಖ ಸರಿಸಿದಳು. ಮುದುಕನಿಗೆ ಹತ್ತಿ ಮುಟ್ಟಿದ್ದೇ ಗೊತ್ತಾಗಲಿಲ್ಲ, ಬೆರಳಿನ ಮೇಲೆ ಬೀಡಿ ಸುಟ್ಟ ಗಾಯವೂ ಅವನಿಗೆ ಗೊತ್ತಿರಲಿಲ್ಲ.

"ಆಕೆಯದು ಬರೀ ಬಣ್ಣ ಹೋಗಿರುವುದು. ಇವರದು ಕುಷ್ಠ, ಔಷಧಿ ಇದೆ, ವಾಸಿಯಾಗುತ್ತದೆ. ಇಬ್ಬರಿಗೂ ಒಂದೇ ಬರೆದಿದ್ದೀರಲ್ಲ!" ಎಂದರು ಡಾಕ್ಟರು.

ಎರಡೂ ಶಬ್ದ ಹುಟ್ಟಿದ್ದು ಕುಷ್ಠ ಎಂಬ ಒಂದೇ ತಾಯಿಯ ಹೊಟ್ಟೆಯಲ್ಲಿ. ಮರಾಠಿಯ ಮನೆಗೆ ಹೋದದ್ದು ಬಿಳಿ ಕಲೆಯಾಯಿತು, ಉರ್ದುವಿನ ಮನೆಗೆ ಹೋದದ್ದು ಕೋಢ ಆಗಿ ಕುಷ್ಠವೆಂಬ ದೊಡ್ಡ ಬ್ಯಾನಿಯಾಗಿಯೇ ಉಳಿಯಿತು. ನಮ್ಮ ಕಡೆಯ ದಖ್ಖನಿ ಉರ್ದುವಿನವರ ಬಾಯಲ್ಲಿ ಮಹಾಪ್ರಾಣ ನಿಲ್ಲುವುದಿಲ್ಲವಾದ್ದರಿಂದ ಕಿವಿಗೆ ಎರಡೂ ಒಂದೇ. ನಾನು ಕಿಟಕಿಗೆ ವಾಪಸು ಬಂದು ಕೂತೆ. ಕಾಕಿ ಕೆಟ್ಟ ಮನಸ್ಸಿನಿಂದ ಹೇಳಿರಲಿಕ್ಕಿಲ್ಲ ಎಂದು ಅವತ್ತು ಮೊದಲ ಸಲ ಅನ್ನಿಸಿತು. ಹೇಳಿದ್ದಂತೂ ಆಕೆಯೇ ಎಂಬ ಗುಮಾನಿ ಮಾತ್ರ ಹಾಗೇ ಉಳಿಯಿತು.

ಅದೂ ಹೋದದ್ದು ಒಂದೆರಡು ತಿಂಗಳ ಮೇಲೆ. ತುರಿಕೆಗೆ ಔಷಧಿ ಕೇಳಿಕೊಂಡು ಬಂದ ಹಿರಿಯರೊಬ್ಬರ ಹೆಸರು, ಮನೆತನ ಬರೆಯುವಾಗ ನನ್ನ ಪೆನ್ನು ನಿಂತಿತು. ಅಕ್ಕನನ್ನು ಬೇಡವೆಂದ ಮನೆಯ ಯಜಮಾನರು ಅವರು. ನಿಜಾಮರ ಕಾಲದಲ್ಲಿ ಉರ್ದು ಶಾಲೆ ಕಲಿತು ಕಚೇರಿಯಲ್ಲಿದ್ದವರು. ನನ್ನ ಊರು ಆಳಂದ ಎಂದು ತಿಳಿದು ಅವರು, "ಯಾರ ಪೈಕಿ ತಂಗಿ?" ಎಂದು ಕೇಳಿದರು. ಹೇಳಿದೆ. ಅವರು ಕಿಟಕಿಗೆ ಇನ್ನಷ್ಟು ಹತ್ತಿರ ಬಂದರು. ಆಮೇಲೆ ಮೆಲ್ಲಗೆ ಕೇಳಿದರು.

"ನಿಮ್ಮಕ್ಕ ಹ್ಯಾಂಗಿದ್ದಾಳವಾ?"

"ಆರಾಮ ಇದ್ದಾಳ್ರಿ. ಎರಡು ಮಕ್ಕಳು."

"ಕೈಬೆರಳು ಎಲ್ಲಾ ನೆಟ್ಟಗ ಅವ ಹೌದಲ್ಲ?"

ಆ ಪ್ರಶ್ನೆ ಕೇಳಿ ನಾನು ಎದ್ದು ನಿಂತೆ. "ಅಕಿಗೆ ಬರೇ ತೊನ್ನು ರಿ. ಆ ಬ್ಯಾನಿ ಅಲ್ಲ. ಯಾರು ಹೇಳಿದ್ರು ನಿಮಗ? ನಮ್ಮ ಕಾಕಿ ಏನ್ರಿ?"

"ಯಾವ ಕಾಕಿ? ಯಾರೂ ಹೇಳಿಲ್ಲ. ನಿಮ್ಮಪ್ಪನ ಕಾಗದ ಬಂದಿತ್ತಲ್ಲ! ನಂಗ ಕನ್ನಡ ಓದಾಕ ಬರಂಗಿಲ್ಲಂತ ಯಾರೋ ಮುನ್ಶಿ ಕಡಿ ಉರ್ದೂದಾಗ ಬರಿಸಿದ್ದ. ಹುಡುಗಿ ಕೈಗೆ ಕೋಢ ಅದ, ಮುಚ್ಚಿಟ್ಟು ಕೊಡಬಾರದಂತ ತಿಳಸಾಕತ್ತೇನಿ ಅಂತ ಇತ್ತು. ಮೂರು ಸರ್ತಿ ಓದಿದೆ. ಇಂಥಾ ಖರೇ ಮನಶ್ಯಾನ ಮನಿ ಹೆಣ್ಣು ಬಿಡಬೇಕಾತಲ್ಲ ಅಂತ ಬಾಳ ಕೆಟ್ಟನಿಸ್ತು."

ಆ ಭಾನುವಾರವೇ ಆಳಂದಕ್ಕೆ ಹೋದೆ. ಅಪ್ಪ ಅಂಗಳದಲ್ಲಿ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದ. ಸಹಿ ಮಾಡುವಷ್ಟೇ ಅಕ್ಷರ ಬಲ್ಲವನು. ಕಾಗದದ ಮಾತು ಎತ್ತಿದ ಕೂಡಲೇ ಮೊರ ಕೆಳಗಿಟ್ಟ.

"ಬರಿಸಿದ್ದೆ. ನಿಮ್ಮವ್ವಗ ಹೇಳಿದ್ರ ಬ್ಯಾಡ ಅಂತಿದ್ಲು, ಅದಕ ಹೇಳಲಿಲ್ಲ. ತೊನ್ನು ಅನ್ನಾಕ ಬಾಯಿ ಬರಲಿಲ್ಲ ಮಗಳ. ಹೆತ್ತ ಮಗಳಿಗೆ ಆ ಮಾತು ಹ್ಯಾಂಗ ಅನ್ಲಿ? ನಿಮ್ಮ ಕಾಕಿ ಆಡೋ ಮಾತು ಮೆತ್ತಗಿತ್ತು. ಅದನ್ನ ಬರಿಯಪಾ ಅಂದೆ."

ಮುನ್ಶಿ ತನಗೆ ಗೊತ್ತಿದ್ದ ಶಬ್ದವನ್ನು ಬರೆದ, ಓದಿದವರು ತಮಗೆ ಗೊತ್ತಿದ್ದ ಅರ್ಥವನ್ನು ಓದಿದರು. ಅದನ್ನೆಲ್ಲ ಬಿಡಿಸಿ ಹೇಳಿದಾಗ ಅಪ್ಪನ ಮುಖ ಇಷ್ಟೇ ಇಷ್ಟಾಯಿತು. ನನಗೆ ಅಯ್ಯೋ ಅನ್ನಿಸಿದರೂ ಸಿಟ್ಟು ತಡೆಯಲಾಗಲಿಲ್ಲ.

"ಮತ್ತ ಅವ್ವ ಕಾಕಿ ಮ್ಯಾಲ ಹಾಕುವಾಗ ಯಾಕ ಸುಮ್ಮನಿದ್ದಿ ಅಪ್ಪಾ?"

"ನನ್ನ ಕಾಗದದಾಗ ಕೆಟ್ಟದ್ದೇನಿತ್ತು? ಬರೇ ಬಿಳಿ ಕಲಿ ಅಂತ ತಿಳದ ಬರಿಸೀನಿ, ಅಷ್ಟಕ್ಕ ಯಾರರ ಬ್ಯಾಡ ಅಂತಾರೇನು, ಅದರ ಮ್ಯಾಲ ಯಾರೋ ಇಲ್ಲದ್ದು ಕೂಡಿಸಿ ಹೇಳ್ಯಾರ ಅನ್ಕೊಂಡೆ." ಅಪ್ಪ ನನ್ನನ್ನೇ ನೋಡಿದ. "ಮ್ಯಾಲ ನೀನ ಗಿರಣ್ಯಾಗ ಕಿವಿಯಾರೆ ಕೇಳೀನಿ ಅಂದಿದ್ದೆಲ್ಲ."

ನಾನು ಎದ್ದು ಒಳಗೆ ಹೋದೆ. ಒಲೆಯ ಮುಂದೆ ಅವ್ವ ಕೂತಿದ್ದಳು. ನಾನು ನಡುಬಾಗಿಲ ಚಿಲಕಕ್ಕೆ ಕೈ ಹಾಕಿದೆ. ತುಕ್ಕು ಹಿಡಿದು ಗಟ್ಟಿಯಾಗಿತ್ತು, ಎರಡು ಸಲ ಜಗ್ಗಬೇಕಾಯಿತು.

"ಯಾಕ ತೆಗ್ಯಾಕತ್ತಿ ಬೇ ಅದನ್ನ?" ಎಂದಳು ಅವ್ವ. ನಾನು ಹೊಸ್ತಿಲು ದಾಟಿದೆ.

ಆಚೆ ಕಾಕಿ ಸೊಪ್ಪು ಸೋಸುತ್ತ ಕೂತಿದ್ದಳು. ತಲೆ ಪೂರ್ತಿ ನೆರೆತಿತ್ತು. ಒಂದೇ ಮನೆಯಲ್ಲಿದ್ದೂ ನಾನು ಅದನ್ನು ಹತ್ತಿರದಿಂದ ನೋಡಿರಲಿಲ್ಲ. ಬಾಗಿಲು ತೆರೆದದ್ದಕ್ಕೆ ಬೆರಗಾಗದೆ, ದಿನವೂ ಬರುವವಳಿಗೆ ಹೇಳುವ ಹಾಗೆ "ಬಾ, ಕೂಡು" ಎಂದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಅಪ್ಪನ ಕಾಗದ, ಮುನ್ಶಿ, ಕೊನೆಗೆ ನಾನು ಹೇಳಿದ ಸಾಕ್ಷಿ.

"ನೀ ಹೇಳಿದ್ದು ನಂಗ ಗೊತ್ತದ" ಎಂದಳು ಕಾಕಿ. "ಗ್ವಾಡಿ ಈ ಕಡಿಗೂ ಕೇಳ್ತದ."

"ಮತ್ತ ನಾ ಅಂದಿಲ್ಲಂತ ನೀವ್ಯಾಕ ಹೇಳಲಿಲ್ಲ ಕಾಕಿ?"

"ನನ್ನ ಯಾರು ಕೇಳಿದ್ರು? ನೀವು ನೀವ ಕೇಳ್ಕೊಂಡ್ರಿ, ನೀವ ಹೇಳ್ಕೊಂಡ್ರಿ."

ಜೇವರ್ಗಿಯಲ್ಲಿ, ಅಫಜಲಪುರದಲ್ಲಿ ಗುರುತು ಪರಿಚಯವಿಲ್ಲದ ಸಾವಿರ ಮಂದಿಯನ್ನು ಈ ಮಾತಿಗೆ ಏನರ್ಥ ಎಂದು ಕೇಳಿ ಬರೆದುಕೊಂಡವಳು ನಾನು. ಒಂದು ಗೋಡೆಯ ಆಚೆ ಇದ್ದವಳನ್ನು ಕೇಳಿರಲಿಲ್ಲ.

ಹಿಂದೆ ಬಳೆಯ ಸದ್ದಾಯಿತು. ಅವ್ವ ಹೊಸ್ತಿಲ ಮೇಲೆ ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ. ಹದಿನಾಲ್ಕು ವರ್ಷದ ಮೇಲೆ ಕಾಕಿಯನ್ನು ಮಾತಾಡಿಸಿದಳು. ದನಿ ಮಾತ್ರ ಇನ್ನೂ ತನಿಖೆಯದೇ.

"ಹಂಗಾದ್ರ ಅವತ್ತು ಗಿರಣ್ಯಾಗ ಆಕಿ ಮುಂದ ಏನಂದಿದ್ದಿ ನೀ?"

ಕಾಕಿ ಕೈಯಲ್ಲಿದ್ದ ಸೊಪ್ಪು ಬಿಟ್ಟು, ಸೆರಗು ಸರಿಮಾಡಿಕೊಂಡು ಹೇಳಿದಳು. "ಹುಡುಗಿ ಹ್ಯಾಂಗ ಅಂತ ಆಕಿ ಕೇಳಿದ್ಲು. ನಮ್ಮ ಮನ್ಯಾಗ ಲಾಡಕೋಡದಾಗ ಬೆಳದ ಹುಡುಗಿ ಅದ ನೋಡವಾ, ಬೈದು ಬಡದು ಮಾಡಬ್ಯಾಡ್ರಿ ಅಂತ ಗಂಡಿನ ಮನಿಯವರಿಗೆ ಹೇಳ್ರಿ ಅಂದೆ."

ಲಾಡಕೋಡ. ಮರಾಠಿಯಲ್ಲಿ ಮುದ್ದಿಗೆ, ಅಕ್ಕರೆಗೆ ಹಾಗೆನ್ನುತ್ತಾರೆ. ಗಿರಣಿಯ ಸದ್ದಿನಲ್ಲಿ ನನ್ನ ಕಿವಿಗೆ ಬಿದ್ದಿದ್ದರೆ ಅದರ ಬಾಲ ಬಿದ್ದಿತ್ತು.

"ಅಷ್ಟೇನಾ?" ಎಂದಳು ಅವ್ವ.

"ಅಷ್ಟ ರಿ ಅಕ್ಕಾರ."

ಅವ್ವ ಹೊಸ್ತಿಲ ಮೇಲೆ ಕುಸಿದು ಕೂತಳು. ಕಾಕಿಯ ಮುಖ ನೋಡುವುದು ಅವಳಿಂದಾಗಲಿಲ್ಲ. ತಿರುಗಿ ನನ್ನ ಮುಖ ನೋಡಿದಳು.