ಹುಣ್ಣಿಮೆ ಇಳಿತದ ಮದುವೆ

ಕೊರಿಯಾದ ದಕ್ಷಿಣ ಕರಾವಳಿಯ ಕೆಸರು ಬಯಲಲ್ಲಿ ಚಿಪ್ಪು ಆರಿಸಿ ಬದುಕಿದವಳು ಪಿಲ್‌ಸುನ್. ಹಲಗೆಯ ಮೇಲೆ ಒಂದು ಮೊಣಕಾಲೂರಿ, ಇನ್ನೊಂದು ಕಾಲಲ್ಲಿ ಕೆಸರು ತಳ್ಳುತ್ತ ಹೊರಟಳೆಂದರೆ ಉಳಿದವರು ದಾರಿ ಬಿಡುತ್ತಿದ್ದರು.

ಆ ಊರಿನ ಯಜಮಾನಿಕೆಯೆಲ್ಲ ಚಂದ್ರನದು. ಅಮಾವಾಸ್ಯೆ, ಹುಣ್ಣಿಮೆಗಳ ಹೊತ್ತಿಗೆ ಅವನು ಸಮುದ್ರವನ್ನು ದೂರಕ್ಕೆಳೆದು ಕೆಸರು ಬಯಲು ತೆರೆಯುತ್ತಾನೆ. ಅಷ್ಟಮಿಯ ಹೊತ್ತಿಗೆ ಇಳಿತ ಸೊರಗಿ, ದೋಣಿಗೆ ಹೋದ ಗಂಡಸರೂ ಮನೆ ಸೇರುತ್ತಾರೆ. ಅರ್ಧ ಊರಿನ ಹುಟ್ಟುಹಬ್ಬ ಅಕ್ಕಪಕ್ಕದ ದಿನಗಳಲ್ಲೇ ಬೀಳುವುದಕ್ಕೆ ಬೇರೆ ಪವಾಡ ಹುಡುಕಬೇಕಿಲ್ಲ.

ಹುಣ್ಣಿಮೆ ಇಳಿತಕ್ಕೆ ಬಾರದವರಿಗೆ ಊರವರು ಒಟ್ಟಾಗಿ ಆರಿಸಿದ ಚಿಪ್ಪಿನಲ್ಲಿ ಆ ಸಲದ ಪಾಲಿಲ್ಲ ಎಂಬ ಕಟ್ಟಳೆಯನ್ನು ಹಟ ಹಿಡಿದು ಮಾಡಿಸಿದವಳೇ ಪಿಲ್‌ಸುನ್. ನೆರೆಮನೆಯ ಮಾಕ್‌ರ್ಯೆ ಮಗನ ಮದುವೆಗೆಂದು ಒಂದು ದಿನ ತಪ್ಪಿಸಿಕೊಂಡಾಗ, "ನಿನ್ನ ಮಗನ್ನ ಕೇಳ್ಕೊಂಡು ಹುಟ್ತಾನೇನೇ ಚಂದ್ರ?" ಎಂದು ಎಲ್ಲರೆದುರು ಹಂಗಿಸಿ ಪಾಲು ತಪ್ಪಿಸಿದ್ದಳು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ.

ಈಗ ಪಿಲ್‌ಸುನ್‌ಳ ಒಬ್ಬಳೇ ಮಗಳು ಯೊನ್‌ಹ್ವಾಳ ಮದುವೆ. ಸೋಲ್ ನಗರದ ಬೀಗರು ಜೋಯಿಸನನ್ನು ಕೇಳಿ ದಿನ ಇಟ್ಟರು: ಹುಣ್ಣಿಮೆಯ ಮಾರನೇ ದಿನ, ನೀರು ಎಲ್ಲಕ್ಕಿಂತ ದೂರ ಸರಿಯುವ ಹೊತ್ತು. ಚಂದ್ರ ತುಂಬಿದ್ದರೆ ಸಂಸಾರವೂ ತುಂಬಿರುತ್ತದಂತೆ. ಚಂದ್ರನನ್ನು ಕಿಟಕಿಯಿಂದ ಮಾತ್ರ ನೋಡುವವರಿಗೆ ಇಂಥ ಜ್ಞಾನ ಧಾರಾಳವಾಗಿರುತ್ತದೆ. ದಿನ ಬದಲಿಸಿ ಎಂದು ಪಿಲ್‌ಸುನ್ ಬೇಡಿದರೆ, ಸಭಾಂಗಣ ಸಿಗುವುದಿಲ್ಲವೆಂದರು.

ಅಕ್ಕಿ ಕಡುಬು ಹಿಡಿದು ಅವಳು ಮನೆಮನೆಗೂ ಹೋಗಿ ಕರೆದಳು. ಎಲ್ಲರೂ ಬೆರಳು ಮಡಚಿ ತಿಥಿ ಲೆಕ್ಕ ಹಾಕಿದರು, ಹುಡುಗಿ ಬಂಗಾರ ಎಂದರು, ಕಡುಬು ತಿಂದರು.

ಮದುವೆಯ ದಿನ ಗಂಡಿನ ಕಡೆ ನಿಲ್ಲಲೂ ಜಾಗವಿಲ್ಲ. ಹೆಣ್ಣಿನ ಕಡೆ ಪಿಲ್‌ಸುನ್ ಒಬ್ಬಳೇ. ಪಕ್ಕದ ಕುರ್ಚಿಗೆ ಕೈಚೀಲ, ಅದರಾಚೆಗೆ ಶಾಲು ಇಟ್ಟು ಜನ ತುಂಬಿಸಲು ನೋಡಿದಳು. ಮಗಳು ಬಾಗಿಲ ಸಂದಿಯಿಂದ ಇಣುಕಿ, ಖಾಲಿ ಸಾಲು ನೋಡಿ ತಲೆ ತಗ್ಗಿಸಿದಳು. ಪಿಲ್‌ಸುನ್‌ಗೆ ಬೈಯಲು ಯಾರೂ ಸಿಗಲಿಲ್ಲ, ಕಟ್ಟಳೆ ತನ್ನದೇ.

ಆಗ ಯಾರೋ ಬಂದು ಕೈಚೀಲ ಎತ್ತಿ ಅವಳ ಮಡಿಲಿಗಿಟ್ಟು ಕುಳಿತರು. ನೋಡಿದರೆ ಮಾಕ್‌ರ್ಯೆ, ಮಗನ ಮದುವೆಗೆ ಹೊಲಿಸಿದ್ದ ಅದೇ ಉಡುಪಿನಲ್ಲಿ.

"ಇವತ್ತು ನೀರು ಬಹಳ ದೂರ ಹೋಗಿದೆ," ಎಂದಳು ಪಿಲ್‌ಸುನ್, ಅವಳ ಮುಖ ನೋಡಲಾರದೆ. "ನಿನ್ನ ಪಾಲು ಹೋಯ್ತಲ್ಲೇ."

"ಹೋಗ್ಲಿ ಬಿಡು. ನಂಗೆ ಅಭ್ಯಾಸ ಮಾಡಿಸಿದೋಳು ನೀನೇ ಅಲ್ವಾ," ಎಂದಳು ಮಾಕ್‌ರ್ಯೆ. ಆಚೆ ಕುರ್ಚಿಯ ಶಾಲನ್ನೂ ತೆಗೆದು, ಬಾಗಿಲ ಸಂದಿಯಲ್ಲಿದ್ದ ಮದುಮಗಳ ಕಡೆಗೆ ಕೈ ಬೀಸಿದಳು.