ಸೀಡಿಯ ಮೇಲೆ ನಾನು ಬರೆದ ನಂಬರು

ನನ್ನ ಮುಂದಿನ ಹಲ್ಲೊಂದು ಇಲ್ಲ. ಮುಪ್ಪಿಗೆ ಉದುರಿದ್ದಲ್ಲ. ಟೀವಿಯಲ್ಲಿ ಆಡುವ ಆಟವೊಂದರ ಕಥೆಗಾಗಿ ಎದ್ದ ಜಗಳದಲ್ಲಿ ನನ್ನ ತಮ್ಮ ಉದುರಿಸಿದ್ದು.

ನನ್ನ ಗಂಡ ಶಹಾಬಾದಿನ ಕಲ್ಲಿನ ಖಣಿಯಲ್ಲಿ ಸತ್ತ. ಮೇಲಿನ ಪದರು ಜಾರಿ ಎದೆಯ ಮೇಲೆ ಬಿತ್ತು. ಎತ್ತುವಷ್ಟರಲ್ಲಿ ಬಾಯಿಂದ ರಕ್ತ ಬಂದು ಎಲ್ಲ ಮುಗಿದಿತ್ತು. ಅಳುತ್ತಾ ಕೂರಲು ನನಗೆ ಪುರುಸೊತ್ತಿರಲಿಲ್ಲ. ವಾಡಿಯಲ್ಲಿ ಸುಮ್ಮನೆ ತಿರುಗುತ್ತಿದ್ದ ತಮ್ಮನನ್ನು ಕರೆಸಿ, ಮನೆಯ ಮುಂದಿನ ಕೋಣೆಯಲ್ಲಿ ಎರಡು ಟೀವಿ ಇಟ್ಟು ವಿಡಿಯೋ ಗೇಮಿನ ಅಂಗಡಿ ತೆಗೆದೆ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ರಜೆಯ ದಿನ ಊಟ ಮುಗಿಸಿ ಖಣಿಯ ಗಂಡಸರು ಬರುತ್ತಿದ್ದರು. ವಾರವೆಲ್ಲ ಕಲ್ಲು ಒಡೆದವರು, ಅವತ್ತು ತಲೆ ಒಡೆಯುತ್ತಿದ್ದರು.

ಅವರಿಗೆ ಬೇಕಾದ ಆಟ ಒಂದೇ. ಅದರಲ್ಲೊಬ್ಬ ಬೋಳುತಲೆಯ ರಾಕ್ಷಸನಂಥ ಮನುಷ್ಯ. ಊರು ಸುಡುತ್ತಾನೆ, ಹೆಂಗಸರನ್ನು ಜುಟ್ಟು ಹಿಡಿದು ಎಳೆಯುತ್ತಾನೆ, ಮುದುಕರ ಕುತ್ತಿಗೆ ಕೊಯ್ಯುತ್ತಾನೆ. ಆಡುವವನು ಅವನ ಆಳುಗಳನ್ನು ಒಬ್ಬೊಬ್ಬರಾಗಿ ಕಡಿಯುತ್ತಾ ಅವನನ್ನು ಮುಟ್ಟಬೇಕು. ಕರುಳು ಹೊರಗೆ ಬರುವುದೂ ಕಾಣುತ್ತಿತ್ತು. ಅದನ್ನು ನೋಡುತ್ತಾ ನಾನು ಅಕ್ಕಿ ಆರಿಸುತ್ತಿದ್ದೆ.

ಆ ಆಟಕ್ಕೆ ಮೂರು ಭಾಗ. ತಮ್ಮ ಚಿತ್ತಾಪುರ, ಸೇಡಂ ಮೇಲೆ ಹೋಗುವ ರೈಲಿನಲ್ಲಿ ಹೈದರಾಬಾದಿಗೆ ಹೋಗಿ, ಆರೇಳು ತಿಂಗಳಿಗೊಂದರಂತೆ ಸೀಡಿ ತಂದ. ಕವರಿನ ಮೇಲೆ ಪೆನ್ನಿನಲ್ಲಿ ಏನೋ ಇಂಗ್ಲಿಷ್ ಗೀಚಿದ್ದರು. ಅವನಿಗೂ ಓದಲು ಬರದು, ನನಗೂ ಬರದು. ನನಗೆ ಬರುತ್ತಿದ್ದದ್ದು ಅಂಕಿ ಮಾತ್ರ. ಖಣಿಯಲ್ಲಿ ಪದರುಗಳಿಗೆ ನಂಬರು ಬರೆಯಲು ಗಂಡ ಇಟ್ಟುಕೊಂಡಿದ್ದ ಬಿಳಿ ಬಣ್ಣದ ಡಬ್ಬಿ ಮನೆಯಲ್ಲೇ ಇತ್ತು. ಖಣಿಯಲ್ಲಿ ಮೊದಲು ಸಿಕ್ಕಿದ್ದು ಒಂದು, ಅದರ ಕೆಳಗೆ ಸಿಕ್ಕಿದ್ದು ಎರಡು. ನಾನೂ ಹಾಗೇ ಬರೆದೆ. ಮೊದಲು ಬಂದ ಸೀಡಿ ಒಂದು, ಆಮೇಲೆ ಬಂದದ್ದು ಎರಡು, ಕಡೆಗೆ ಬಂದದ್ದು ಮೂರು. ತಮ್ಮ ಮಾತ್ರ, ಇಂಗ್ಲಿಷ್ ಓದಿ ತಾನೇ ನಂಬರು ಹಾಕಿದೆ ಎಂದು ಎಲ್ಲರಿಗೂ ಹೇಳಿಕೊಂಡ. ನಾನು ಬಾಯಿ ಬಿಡಲಿಲ್ಲ. ಖಣಿಗೆ ಕಳಿಸಿದರೆ ಎರಡನೇ ದಿನವೇ ಓಡಿ ಬಂದವನು ಅವನು. ಆ ಗಂಡಸರ ನಡುವೆ ಅವನಿಗಿದ್ದ ಮರ್ಯಾದೆ ಈ ಕಥೆಯಿಂದಲೇ. ಅವರು ಆಡುತ್ತಿದ್ದರೆ ಇವನು ಪಕ್ಕದಲ್ಲಿ ನಿಂತು, ಯಾರು ಯಾರನ್ನು ಯಾಕೆ ಕೊಲ್ಲುತ್ತಿದ್ದಾನೆಂದು ಕನ್ನಡದಲ್ಲಿ ಹೇಳುತ್ತಿದ್ದ. ಚೆನ್ನಾಗಿಯೇ ಹೇಳುತ್ತಿದ್ದ. ಆಡಲು ಬರದವರೂ ಕೇಳಲೆಂದೇ ಬಂದು ಕೂರುತ್ತಿದ್ದರು.

ನಂಬರು ಒಂದರಲ್ಲಿ ಬೋಳನಿಗೆ ಶುರುವಿನಿಂದಲೇ ಮೂಗಿಲ್ಲ, ಕೆನ್ನೆ ಸುಟ್ಟಿದೆ. ಕಡೆಗೆ ಒಬ್ಬ ಹೆಣ್ಣುಮಗಳು ಅವನ ತಲೆ ಕಡಿದುಹಾಕುತ್ತಾಳೆ. ನಂಬರು ಎರಡರಲ್ಲಿ ಅವನು ಮತ್ತೆ ಜೀವಂತ. ಮೂಗಿಲ್ಲ, ಆದರೆ ಕೆನ್ನೆ ನುಣ್ಣಗಿದೆ. ತಮ್ಮ ಅದಕ್ಕೂ ಕಥೆ ಕಟ್ಟಿದ. ಬೋಳನ ತಾಯಿ ಮಾಟಗಾತಿಯಂತೆ, ತಲೆ ಹೊಲಿದು ಕೆನ್ನೆಗೆ ಮದ್ದು ಹಚ್ಚಿದಳಂತೆ. ಆ ಭಾಗದ ಕಡೆಯಲ್ಲಿ ಕೆನ್ನೆ ಮತ್ತೆ ಸುಟ್ಟಿತು. ಆಟ ಮಾಡಿದವರಿಗೆ ತಲೆಯಿಲ್ಲ, ಹಿಂದಿನದನ್ನು ಮರೆತು ಬಾಯಿಗೆ ಬಂದಂತೆ ಕಥೆ ಬೆಳೆಸುತ್ತಾರೆ ಎಂದು ಎಲ್ಲರೂ ನಕ್ಕರು. ತಮ್ಮನೂ ನಕ್ಕ.

ನಗದವನು ಒಬ್ಬನೇ. ಚಿಂಚೋಳಿ ಕಡೆಯ ಚಿಮ್ಮನಚೋಡದವನು, ನನ್ನ ಗಂಡನ ಜೊತೆ ಕಲ್ಲು ತೆಗೆದವನು. ಗಂಡನ ಹೆಣವನ್ನು ಹೊತ್ತು ಮೇಲೆ ತಂದವನೂ ಅವನೇ. ಮಾತು ಕಡಿಮೆ. ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದ. ನಂಬರು ಮೂರರಲ್ಲಿ ಬೋಳನ ಮುಖದ ಮೇಲೆ ಒಂದು ಗೀರೂ ಇರಲಿಲ್ಲ. ತಿಂಗಳುಗಟ್ಟಲೆ ಆಡಿ ಅವನೇ ಅದನ್ನು ಮುಗಿಸಿದ. ಕಡೆಯ ಕಾಳಗದಲ್ಲಿ ಬೋಳನ ಮೂಗು ಹಾರಿಹೋಯಿತು. ಆಡುತ್ತಿದ್ದವನು ಕೈಯಲ್ಲಿದ್ದ ರಿಮೋಟ್ ಕೆಳಗಿಟ್ಟು ನನ್ನ ಕಡೆ ತಿರುಗಿದ.

"ವೈನಿ, ಒಂದೇ ಮೂಗು ಎರಡು ಸಲ ಹ್ಯಾಂಗ್ ಕೊಯ್ತಾರ? ಆಟ ಮಾಡಿದಂವ ಹುಚ್ಚ ಅಲ್ಲ. ನಂಬರ್ ಬರ್ದಂವ ಹುಚ್ಚ."

ತಮ್ಮನ ಮುಖ ಕಪ್ಪಾಯಿತು. "ನಿನಗ ಓದ್ಲಿಕ್ಕಿ ಬರ್ತದೇನಲೇ?"

"ಓದ್ಲಿಕ್ಕಿ ಬರಲ್ಲ. ಕಲ್ಲು ತಿಳೀತದ. ಖಣ್ಯಾಗ ಮೊದ್ಲು ಸಿಗೋ ಪದರು ಭೂಮಿ ಕಡೀಕ ಹಾಸಿದ್ದು. ಇದೂ ಹಂಗೇ ಅದ. ತಿರುವಿ ಹಾಕಿ ನೋಡು, ಮೂಗು ಹೋಗ್ತದ, ಕೆನ್ನಿ ಸುಡ್ತದ, ಆಮ್ಯಾಲ ತಲಿ. ಒಂದೂ ತಪ್ಪಿಲ್ಲ. ಎರಡು ವರ್ಷ ನಮಗ ತಲಿಕೆಳಗ ಹೇಳೀದಿ."

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಮಾಟಗಾತಿ ತಾಯಿಗೆ ನಮಸ್ಕಾರ ಹೇಳಪ್ಪಾ ಎಂದು ಇನ್ನೊಬ್ಬ ಕೆಣಕಿದ. ತಮ್ಮ ಸ್ಟೂಲ್ ಎತ್ತಿ ಚಿಮ್ಮನಚೋಡದ ಆ ಕಲ್ಲಿನವನ ಎಡಗಿವಿಗೆ ಬಾರಿಸಿದ. ಒಂದಲ್ಲ, ಎರಡು ಸಲ. ಕಿವಿಯ ಚರ್ಮ ಹರಿದು ಜೋತುಬಿತ್ತು. ರಕ್ತ ಕುತ್ತಿಗೆಗೆ ಇಳಿದು ಅಂಗಿಯೊಳಗೆ ಹೋಯಿತು. ಟೀವಿಯೊಂದು ಕೆಳಗೆ ಬಿದ್ದು ಢಮ್ಮೆಂದಿತು. ಗಾಜು ನನ್ನ ಅಕ್ಕಿಯ ಮೊರದವರೆಗೂ ಸಿಡಿಯಿತು. ಮೂರನೆಯ ಏಟಿಗೆ ಸ್ಟೂಲ್ ಎತ್ತಿದಾಗ ನಾನು ಎದ್ದು ನಡುವೆ ನಿಂತೆ.

"ನಂಬರ್ ಬರ್ದಾಕಿ ನಾನು. ಇವಂಗ ಓದ್ಲಿಕ್ಕಿ ಬರಲ್ಲ."

ತಮ್ಮ ಸ್ಟೂಲ್ ಬಿಸಾಡಿ ಮುಷ್ಟಿಯಿಂದ ನನ್ನ ಬಾಯಿಗೆ ಹೊಡೆದ. ಹಲ್ಲು ನಾಲಿಗೆಯ ಮೇಲೆ ಬಂತು, ಉಗುಳಿದೆ. ಇನ್ನೊಮ್ಮೆ ಕೈ ಎತ್ತಿದ. ಅಷ್ಟರಲ್ಲಿ ಕಲ್ಲಿನವನು ಅವನ ಮಣಿಕಟ್ಟು ಹಿಡಿದು ಬಾಗಿಲ ಚೌಕಟ್ಟಿಗೆ ಹಚ್ಚಿ ತಿರುಚಿದ. ಹಸಿ ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ತಮ್ಮ ಎಮ್ಮೆಕರುವಿನಂತೆ ಒದರಿದ. ನನಗೆ ಪಾಪ ಅನಿಸಲಿಲ್ಲ.

ಒಂದು ತಿಂಗಳು ಅಂಗಡಿ ಮುಚ್ಚಿತ್ತು. ಸೀಮೆಎಣ್ಣೆ ಹಾಕಿ ಹಳೇ ನಂಬರು ಉಜ್ಜಿ ಹೊಸದಾಗಿ ಬರೆದೆ. ಉಳಿದ ಒಂದು ಟೀವಿ ಇಟ್ಟು ಬಾಗಿಲು ತೆಗೆದಾಗ ಗಂಡಸರೆಲ್ಲ ಬಂದರು. ಕಲ್ಲಿನವನೂ ಕಿವಿಗೆ ಪಟ್ಟಿ ಕಟ್ಟಿಕೊಂಡು ಬಂದ. ತಮ್ಮ ಪ್ಲಾಸ್ಟರಿನ ಕೈ ಹೊತ್ತು ಒಳಗೆ ಬಾಗಿಲ ಹಿಂದೆ ಕೂತಿದ್ದ. ವಾಡಿಗೆ ಹೋಗುತ್ತೇನೆಂದು ಬೆಳಗ್ಗೆಯೇ ಬಟ್ಟೆ ಗಂಟು ಕಟ್ಟಿದ್ದ. ಹೋಗು ಎಂದೂ ನಾನು ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ.

ಹೊಸದಾಗಿ ಒಂದನೇ ನಂಬರು ಬರೆದ ಸೀಡಿ ಹಾಕಿದರು. ಊರು ಉರಿಯುತ್ತಿತ್ತು. ಯಾರೂ ಮಾತಾಡಲಿಲ್ಲ, ಕತ್ತಿಯ ಸದ್ದೊಂದೇ. ಕಲ್ಲಿನವನು ಆಟ ನಿಲ್ಲಿಸಿ ಒಳಗೆ ಕೂಗಿದ.

"ಹೊರಗ ಬಾರಪ್ಪಾ. ನಮಗ ಹೇಳ್ಲಿಕ್ಕಿ ಬರಲ್ಲ. ಎಡಕ್ಕ ನಿಂದ್ರಬ್ಯಾಡ, ಆ ಕಿವಿ ಕೇಳಲ್ಲ."

ಎಷ್ಟೋ ಹೊತ್ತಿನ ಮೇಲೆ ತಮ್ಮ ಬಂದು ಅವನ ಬಲಕ್ಕೆ ನಿಂತ. ನಿಂತವನೇ ಟೀವಿಯತ್ತ ಬಗ್ಗಿ ನೋಡಿದ. ಉರಿಯುವ ಮನೆಯ ಹೊಸ್ತಿಲಲ್ಲಿ ಒಂದು ಹುಡುಗಿ, ಮುಂಗೈಗೆ ಕೆಂಪು ದಾರ. ಕಡೆಯ ಭಾಗದಲ್ಲಿ ಬೋಳನ ತಲೆ ಕಡಿದ ಹೆಣ್ಣಿನ ಮುಂಗೈಯಲ್ಲೂ ಅದೇ ದಾರ. ಎರಡು ವರ್ಷ ನೋಡಿದರೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಆಟ ಮಾಡಿದಂವ ಇಕಿನ್ನ ಇಲ್ಲೇ ನಿಂದ್ರಿಸ್ಯಾನ," ಎಂದ ತಮ್ಮ ಮೆಲ್ಲಗೆ. "ಕೊಲ್ಲಾಕಿ ಯಾರಂತ ಮೊದಲೇ ತೋರ್ಸ್ಯಾನ." ಆಮೇಲೆ ದನಿ ಏರಿಸಿ ಮೊದಲಿಂದ ಹೇಳತೊಡಗಿದ.

ನನ್ನ ಹಲ್ಲಿನ ಮಾತು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಗಂಟು ಮಾತ್ರ ಬಿಚ್ಚಿದ. ಅಲ್ಲಿಂದ ಮುಂದೆ ಹೊಸ ಸೀಡಿ ಯಾವುದು ಬಂದರೂ ಬಿಳಿ ಬಣ್ಣದ ಡಬ್ಬಿಯ ಜೊತೆ ನನ್ನ ಮುಂದಿಟ್ಟು, ಎಲ್ಲರೆದುರಿಗೇ ಹೇಳುತ್ತಿದ್ದ: "ಗಾಯ ಎಣಿಸಿ ಬರಿ, ಅಕ್ಕಾ."